ಮಡ್ಡಿಗೆ ಕಾಲಂ ಇರಲಿಲ್ಲ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಅವರು ಹೇಳುವುದು ದಿನದ ಸಿಟ್ಟು: ಹೋಂವರ್ಕ್ ಮರೆತು ಬಂದ ಮಕ್ಕಳ ಮೇಲಿನದು, ಕೈ ಮಾಡಿದರೂ ನಿಲ್ಲದೆ ಹೋದ ಬಸ್ಸಿನ ಮೇಲಿನದು. ಅದು ಸಂಜೆಯ ಚಹಾದ ಹೊತ್ತಿಗೆ ಇಳಿದುಹೋಗುತ್ತದೆ. ಇಲ್ಲಿ ಬರೆಯುತ್ತಿರುವುದು ಇಳಿಯದ ಸಿಟ್ಟಿನ ಕತೆ. ಅದರಲ್ಲಿ ಅರ್ಧ ಒಂದು ಕಚೇರಿಯ ಮೇಲೆ, ಉಳಿದರ್ಧ ನನ್ನ ಬಲಗೈ ಮೇಲೆ.

ನಾನು ಗಡಿಯಾಚೆ, ಜತ್ತ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ. ನಮ್ಮ ಕಡೆ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಹಾಗಾಗಿ ಕಾಗದ ಓದಿ ಹೇಳುವುದು ಇಲ್ಲಿ ಶಿಕ್ಷಕಿಯ ಅರ್ಧ ಕೆಲಸ. ರೇಶನ್ ಕಾರ್ಡಿನ ನೋಟೀಸು, ಸೊಸೆಯ ಹೆರಿಗೆಯ ಫಾರಂ, ಮಗನ ಜಾತಿ ದಾಖಲೆ, ಎಲ್ಲವೂ ಶಾಲೆಯ ಗೇಟಿಗೆ ಬರುತ್ತವೆ. "ಬಾಯಾರ, ಇದರಾಗ ಏನ ಬರದಾರ ನೋಡ್ರಿ" ಎಂದು ಕೇಳಿಸಿಕೊಳ್ಳದ ವಾರವೇ ಇಲ್ಲ. ಅದರಲ್ಲಿ ನನಗೆ ಸ್ವಲ್ಪ ಸೊಕ್ಕೂ ಇತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಒಂದು ವರ್ಷ ದೀಪಾವಳಿ ರಜೆ ಮುಗಿದ ಮೇಲೆ ತಾಲೂಕಿನ ಕಚೇರಿಯಿಂದ ಕರೆ ಬಂತು. ಊರೂರಿನ ನೆಲ, ನೀರು, ಗಿಡ, ಪ್ರಾಣಿಗಳ ಪಟ್ಟಿ ಮಾಡುವುದಿದೆ. ಫಾರಂಗಳು ಇಂಗ್ಲಿಷ್ ಮತ್ತು ಮರಾಠಿಯಲ್ಲಿವೆ. ಗಡಿಯ ಹಳ್ಳಿಗಳಿಗಾಗಿ ಪರಿಸರದ ಶಬ್ದಗಳಿಗೆಲ್ಲ ಕನ್ನಡ ಬೇಕು. ಮೂರೂ ಭಾಷೆ ಬಲ್ಲವರು ಬನ್ನಿ. ನಾವು ಆರು ಜನ ಹೋದೆವು. ಉದ್ದನೆಯ ಟೇಬಲ್ಲು, ಪ್ಲಾಸ್ಟಿಕ್ ಕುರ್ಚಿಗಳು, ಎದುರಿಗೆ ಅಚ್ಚು ಹಾಕಿದ ಹಾಳೆಗಳು. ಮೊದಲ ಕಾಲಂ ಇಂಗ್ಲಿಷಿನದು, ಹರವಾದದ್ದು. ಎರಡನೆಯದು ಮರಾಠಿ. ಕನ್ನಡದ್ದು ಕೊನೆಗೆ, ಮೂರು ಬೆರಳಿನ ಅಗಲ. ಅಷ್ಟರಲ್ಲಿ ನಮ್ಮ ಉದ್ದುದ್ದ ಶಬ್ದಗಳು ಹಿಡಿಸದೆ ಎರಡೆರಡು ಸಾಲಿಗೆ ಮುರಿಯುತ್ತಿದ್ದವು.

ಕೆಲಸವೇನೋ ಸಲೀಸಾಗಿತ್ತು. ಪಠ್ಯಪುಸ್ತಕದಲ್ಲಿ ಎಲ್ಲ ಸಿದ್ಧವಾಗಿಯೇ ಇತ್ತಲ್ಲ. ಬಯೋಡೈವರ್ಸಿಟಿಗೆ ಜೀವವೈವಿಧ್ಯ, ಇಕೋಸಿಸ್ಟಂಗೆ ಪರಿಸರ ವ್ಯವಸ್ಥೆ, ಹ್ಯಾಬಿಟಾಟಿಗೆ ಆವಾಸಸ್ಥಾನ. ನಮ್ಮಪ್ಪ ಆಡದ, ನಮ್ಮವ್ವ ಕೇಳದ ಶಬ್ದಗಳು ಸಾಲುಗಟ್ಟಿ ಕೂತವು. ನಮ್ಮಲ್ಲಿ ನಿವೃತ್ತರಾದ ಒಬ್ಬ ಹಿರಿಯ ಗುರುಗಳಿದ್ದರು. ಅವರು ಪೆನ್ನು ಕೆಳಗಿಟ್ಟು ಕೇಳಿದರು:

"ಅಲ್ಲರಿ, ಎರಿ, ಮಸಾರಿ, ಗರಸು, ಮಡ್ಡಿ... ನಮ್ಮ ಕಡೆ ಭೂಮಿಗೆ ಇಷ್ಟು ಹೆಸರು ಅದಾವು. ಇವನ್ನ ಯಾವ ಕಾಲಮಿನ್ಯಾಗ ಬರೀಬೇಕು?"

ಇಂಗ್ಲಿಷ್ ಕಾಲಂನಲ್ಲಿ ಇದ್ದುದಕ್ಕಷ್ಟೇ ಕನ್ನಡ ಬೇಕು ಎಂದು ಉತ್ತರ ಬಂತು. ಅಲ್ಲಿ ಇಲ್ಲದ್ದು ಇಲ್ಲಿಯೂ ಬೇಡ. ಗುರುಗಳು ಮತ್ತೆ ಪೆನ್ನು ಎತ್ತಿಕೊಂಡರು. ನಾನು ಆಗಷ್ಟೇ ಬಂದ ಬಿಸ್ಕಿಟಿಗೆ ಕೈ ಚಾಚಿದೆ.

ನೆಲದ ಬಗೆಗಳು ಫಾರಂನಲ್ಲಿ ಐದೇ ಐದು. ಅರಣ್ಯ, ಸಾಗುವಳಿ, ಜಲಮೂಲ, ವಸತಿ. ಈ ನಾಲ್ಕರಲ್ಲಿ ಯಾವುದಕ್ಕೂ ಸೇರದ್ದು ಐದನೆಯದು: ವೇಸ್ಟ್‌ಲ್ಯಾಂಡ್. ಮರಾಠಿಯಲ್ಲಿ ಪಡೀಕ. ಕನ್ನಡದಲ್ಲಿ ‘ಬಂಜರು ಭೂಮಿ’ ಎಂದು ಬರೆದವಳು ನಾನು. ಚಹಾ ಆರುವಷ್ಟು ಹೊತ್ತೂ ಯೋಚಿಸಲಿಲ್ಲ. ನಿಮ್ಮ ಅಕ್ಷರ ಮುತ್ತಿನಂತಿದೆ ಎಂದು ಕಚೇರಿಯವರು ಹೊಗಳಿದರು. ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದೆ.

ಈಗ ಮಡ್ಡಿಯ ವಿಷಯ. ನನ್ನ ಸೋದರತ್ತೆಯ ಊರು ಉಮದಿಯಿಂದ ತಿಕೋಂಡಿಯ ಕಡೆ ಹೋಗುವಾಗ ಸಿಗುತ್ತದೆ. ಊರ ಪಡುವಣಕ್ಕೆ ಎತ್ತರದ ನೆಲವಿದೆ. ಗೇಣು ಮಣ್ಣು, ಅದರ ಕೆಳಗೆ ಗಟ್ಟಿ ಗರಸು ಕಲ್ಲು. ಕುಂಟೆ ಹೊಡೆದರೆ ಕುಂಟೆ ಮುರಿಯುತ್ತದೆ, ಬಿತ್ತಿದರೆ ಬೀಜ ಕೂಡ ವಾಪಸು ಬರುವುದಿಲ್ಲ. ಹಾಗೆಂದು ಅದು ಸುಮ್ಮನೆ ಬಿದ್ದುಕೊಂಡ ನೆಲವಲ್ಲ. ಎರಡು ಮಳೆ ಬಿದ್ದರೆ ಸಾಕು, ಮೊಣಕಾಲುದ್ದ ಹುಲ್ಲು ಏಳುತ್ತದೆ. ಅಲ್ಲಲ್ಲಿ ತಂಗಡಕಿ, ಬಾರಿ ಗಿಡ, ನಡುನಡುವೆ ಮೊಲದ ಹಾದಿ. ಊರಿನ ಆಡು ಕುರಿಗಳೆಲ್ಲ ಬದುಕಿರುವುದು ಅದರ ಮೇಲೆ.

ಆ ಮಡ್ಡಿಗೆ ಒಂದು ಕಟ್ಟಳೆ ಇದೆ. ಮೊದಲ ಮಳೆಯಾದ ಮೇಲೆ ಅರ್ಧ ಮಡ್ಡಿಯನ್ನು ಮುಚ್ಚುತ್ತಾರೆ. ಮುಚ್ಚುವುದು ಎಂದರೆ ಬೇಲಿಯಲ್ಲ, ಕಾವಲುಗಾರನೂ ಅಲ್ಲ. ಸುಣ್ಣ ಬಳಿದ ಕಲ್ಲುಗಳ ಒಂದು ಸಾಲು. ಶೀಗಿ ಹುಣ್ಣಿಮೆಯ ತನಕ, ಅಂದರೆ ಹುಲ್ಲು ಬಲಿತು ಬೀಜ ಉದುರುವ ತನಕ, ಆ ಕಲ್ಲು ದಾಟಿ ಯಾರ ಆಡೂ ಹೋಗುವಂತಿಲ್ಲ. ಮರುವರ್ಷ ಇನ್ನೊಂದು ಅರ್ಧದ ಸರದಿ. ಯಾರದಾದರೂ ಆಡು ದಾಟಿದರೆ ಆ ಮನೆಯವರು ಒಂದು ವಾರ ಹಣಮಂತ ದೇವರ ಗುಡಿಯ ಅಂಗಳ ಗುಡಿಸಬೇಕು. ಒಮ್ಮೆ ನಮ್ಮ ಅತ್ತೆಯೇ ಗುಡಿಸಿದ್ದಳು, ಏಳೂ ದಿನ ಆಡಿಗೆ ಬೈಯುತ್ತ. "ಆಡು ಮುಟ್ಟದ ಸೊಪ್ಪಿಲ್ಲ ಅಂತಾರ, ನನ್ನ ಆಡು ಮುಟ್ಟದ ಕಾಯಿದೇನೂ ಇಲ್ಲ" ಎಂದು ನಗಿಸುತ್ತಿದ್ದಳು.

ಇನ್ನೊಂದು ಕಟ್ಟಳೆಯನ್ನೂ ಹೇಳಬೇಕು, ಏಕೆಂದರೆ ನಾವು ಕೆಟ್ಟದ್ದು ಅದರಿಂದಲೇ. ನಮ್ಮವರು ಮುಗಿದದ್ದನ್ನು ಮುಗಿದಿದೆ ಎನ್ನುವುದಿಲ್ಲ, ಇರುವುದನ್ನು ಇದೆ ಎನ್ನುವುದಿಲ್ಲ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ‘ಹೆಚ್ಚಾಗ್ಯಾವು’ ಎನ್ನುತ್ತೇವೆ. ನೆಲದೊಳಗಿನ ಹಗೆ ತುಂಬ ಜೋಳವಿದ್ದರೆ ‘ಏನೈತ್ರಿ, ಏನೂ ಇಲ್ಲ’ ಎನ್ನುತ್ತೇವೆ. ಚಲೋ ಅದಾವು ಎಂದರೆ ದೃಷ್ಟಿ ತಾಗುತ್ತದೆ. ಆಡು ಕುರಿಯ ವಿಷಯದಲ್ಲಂತೂ ಎಣಿಕೆಯನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಎಷ್ಟು ಆಡು ಅದಾವವ್ವಾ ಎಂದು ಕೇಳಿದರೆ ಅತ್ತೆ "ಅದಾವು ನಾಕು" ಎನ್ನುತ್ತಿದ್ದಳು. ಅವಳ ಹಿಂಡು ದಿನ್ನೆ ಇಳಿದು ಬರುವಾಗ ನಾನು ಸಣ್ಣವಳಿದ್ದಾಗಿನಿಂದ ಮನಸ್ಸಿನಲ್ಲೇ ಎಣಿಸುತ್ತ ಬಂದಿದ್ದೇನೆ. ಮೂವತ್ತಕ್ಕೆ ಕಡಿಮೆ ಯಾವತ್ತೂ ಇರಲಿಲ್ಲ.

ಪಟ್ಟಿ ಮಾಡುವವರು ಬಂದದ್ದು ಬೇಸಗೆಯಲ್ಲಿ. ಬಂದ ಸಾಹೇಬರು ವಯಸ್ಸಿನಲ್ಲಿ ಸಣ್ಣವರು, ಕೃಷ್ಣೆಯ ದಂಡೆಯ ಕಬ್ಬಿನ ಸೀಮೆಯವರು, ಮಾತಿನಲ್ಲಿ ಭಾಳ ನಯ. ದುಭಾಷಿಯಾಗಿ ನಾನಿದ್ದೆ. ಬೇವಿನ ಗಿಡದ ಕೆಳಗೆ ಅತ್ತೆ ಮತ್ತು ಆಡು ಕಾಯುವ ಏಳೆಂಟು ಜನ ಕೂತಿದ್ದರು. ಮಡ್ಡಿಯ ಕಡೆ ಕೈ ತೋರಿಸಿ ಅಲ್ಲಿ ಏನೇನಿದೆ ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

ಅತ್ತೆ ಸೆರಗು ಸರಿ ಮಾಡಿಕೊಂಡು ಹೇಳಿದಳು: "ಏನೂ ಇಲ್ಲರಿ ಸಾಹೇಬರ. ಕಲ್ಲು ಅದಾವು. ಗಾಳಿ ಐತಿ."

ಉಳಿದವರೂ ತಲೆಯಾಡಿಸಿದರು. ಏನೂ ಇಲ್ಲರಿ, ಖಾಲಿ ಐತ್ರಿ.

ಆ ಮಾತಿನ ಒಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ಅದೇ ಅಂಗಳದಲ್ಲಿ ಬೆಳೆದವಳು ನಾನು. ಇಲ್ಲ ಎಂದರೆ ಭಾಳ ಇದೆ, ಮುಟ್ಟಬೇಡ ಎಂದು ಅರ್ಥ. ಆದರೂ ಸಾಹೇಬರ ಕಡೆ ತಿರುಗಿ "ಕಾಹೀ ನಾಹೀ" ಎಂದೆ. ಏಕೆ ಹಾಗೆ ಹೇಳಿದೆ ಎಂದು ಇವತ್ತಿಗೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಪಟ್ಟಿ ಹಿಡಿದು ಬಂದವರಿಗೆ ಏನೂ ಇಲ್ಲವೆಂದರೆ ಅವರು ಹಾಗೇ ಹೊರಟುಹೋಗುತ್ತಾರೆ, ಮಡ್ಡಿ ನಮಗೇ ಉಳಿಯುತ್ತದೆ ಎಂದುಕೊಂಡಿದ್ದೆ. ಜಾಣತನ ಮಾಡಿದೆ ಎಂದುಕೊಂಡಿದ್ದೆ. ಸರಕಾರದವರ ಕಣ್ಣಿಗೂ ದೃಷ್ಟಿಯ ಕಟ್ಟಳೆ ನಡೆಯುತ್ತದೆ ಎಂದು ನಂಬಿದ ಪದವೀಧರೆ ನಾನು.

ಸಾಹೇಬರು ಒಮ್ಮೆ ಮಡ್ಡಿ ನೋಡಿದರು. ಬೇಸಗೆಯ ಬಿಸಿಲಿಗೆ ಹುಲ್ಲು ನೆಲಕ್ಕಂಟಿ ಮಣ್ಣಿನ ಬಣ್ಣವಾಗಿತ್ತು. ಕಬ್ಬು ನೋಡಿ ಬೆಳೆದ ಕಣ್ಣು ಅದು. ಅರಣ್ಯವೋ ಅಲ್ಲ, ಸಾಗುವಳಿಯೋ ಅಲ್ಲ, ಕೆರೆಯಲ್ಲ, ಮನೆಗಳಿಲ್ಲ. ಐದನೆಯದಕ್ಕೆ ಟಿಕ್ ಹಾಕಿ, ಕನ್ನಡದ ಪ್ರತಿಯಲ್ಲಿ ನೀವು ಬರೆಯಿರಿ ಎಂದು ಪೆನ್ನು ನನ್ನ ಕೈಗೆ ಕೊಟ್ಟರು. ನಾನು ಬಂಜರು ಭೂಮಿ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ಕೆಳಗೆ ಸಹಿ ಹಾಕಿದೆ. ಅತ್ತೆ ಅವರಿಗೆ ಮಜ್ಜಿಗೆ ಕೊಟ್ಟಳು.

ಮಳೆಗಾಲ ಶುರುವಾದ ವಾರ ಜೆಸಿಬಿ ಬಂತು.

ನನಗೆ ಸುದ್ದಿ ಮುಟ್ಟಿ, ರವಿವಾರ ನಾನು ಹೋಗುವಷ್ಟರಲ್ಲಿ ಮಡ್ಡಿಯ ಅರ್ಧ ಭಾಗವನ್ನು ಉದ್ದಕ್ಕೂ ಬಗೆದಿದ್ದರು. ಸಾಲುಸಾಲಾಗಿ ತಗ್ಗುಗಳು, ಸಾಲುಸಾಲಾಗಿ ಸಸಿಗಳು. ನಮ್ಮ ಕಡೆಯ ಗಿಡಗಳಲ್ಲ; ಅತ್ತೆ ಒಂದು ಎಲೆ ಕಿತ್ತು ಮೂಸಿ, ಆಡಿನ ಮುಂದೆ ಹಿಡಿದಳು. ಆಡು ಮುಖ ತಿರುವಿತು. ಸುತ್ತ ತಂತಿ ಎಳೆದಿದ್ದರು. ಅದೂ ಆ ವರ್ಷ ಮುಚ್ಚಿದ ಅರ್ಧವನ್ನೇ, ಹುಲ್ಲು ಏಳಲಿ ಎಂದು ಊರಿಗೂರೇ ಕೈಕಟ್ಟಿ ಕಾಯುತ್ತಿದ್ದ ಅರ್ಧವನ್ನೇ. ಸುಣ್ಣದ ಕಲ್ಲುಗಳನ್ನೆಲ್ಲ ಎತ್ತಿ ಒಂದು ಕಡೆ ಗುಡ್ಡೆ ಹಾಕಿದ್ದರು. ತಂತಿಯ ಬಾಯಿಗೆ ಮೂರು ಭಾಷೆಯ ಬೋರ್ಡು. ಮೂರನೆಯ ಸಾಲು ಕನ್ನಡ: ಬಂಜರು ಭೂಮಿ ಹಸಿರೀಕರಣ. ನಾನು ಕೊಟ್ಟ ಶಬ್ದ ಬಿಳಿ ಬಣ್ಣದಲ್ಲಿ ಮೊಳದುದ್ದ ನಿಂತಿತ್ತು.

ಹಸಿರು ಹುಲ್ಲನ್ನು ಅಗೆದು ಹಸಿರು ಮಾಡುತ್ತಾರಂತೆ. ನಾನು ಬೋರ್ಡಿನ ಮುಂದೆ ನಿಂತು ಯಾರಿಗೆ ಬೈಯಬೇಕೋ ತಿಳಿಯದೆ ಮೊದಲು ಬೋರ್ಡಿಗೇ ಬೈದೆ.

"ಇದು ಏನಂತ ಬರದಾರ?" ಎಂದು ಅತ್ತೆ ಕೇಳಿದಳು. ಅವಳಿಗೆ ಓದಲು ಬರುವುದಿಲ್ಲ.

ಹೇಳಿದೆ.

"ಬಂಜರು ಅಂದ್ರ?"

"ಏನೂ ಇಲ್ಲದ್ದು."

"ಯಾರು ಹೇಳಿದ್ರು ಅವರಿಗೆ?"

ಹಾಗೆ ಕೇಳಿದವಳೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಅವತ್ತು ಸಾಹೇಬರಿಗೆ ಉತ್ತರ ಕೊಟ್ಟಿದ್ದ ಬೇವಿನ ಗಿಡದ ಕಡೆ ನೋಡಿದಳು.

ಮರುದಿನ ರಜೆ ಹಾಕಿ ಕಚೇರಿಗೆ ಹೋದೆ. ಸಾಹೇಬರು ಎದ್ದು ನಿಂತು ಕುರ್ಚಿ ಕೊಟ್ಟರು, ನೀರು ತರಿಸಿದರು. ಜಗಳಕ್ಕೆಂದು ಹೋದವರಿಗೆ ಇಂಥ ಮರ್ಯಾದೆಗಿಂತ ದೊಡ್ಡ ಶಿಕ್ಷೆ ಇಲ್ಲ. ಅದು ಹುಲ್ಲಿನ ನೆಲ, ಅದನ್ನು ಜನ ಕಾಯ್ದುಕೊಂಡು ಬಂದಿದ್ದಾರೆ, ಅದಕ್ಕೆ ಸರದಿ ಇದೆ, ಶಿಕ್ಷೆ ಇದೆ ಎಂದು ಹೇಳಿದೆ. ಅವರು ಕಡತ ತೆಗೆದು ನನ್ನ ಸಹಿ ತೋರಿಸಿದರು. ಮ್ಯಾಡಮ್, ನೀವೇ ಬರೆದಿದ್ದೀರಿ, ಊರವರೂ ಅದನ್ನೇ ಹೇಳಿದ್ದಾರೆ. ನಾನು ಆ ಕಾಲಂಗಳ ಹಾಳೆ ಕೇಳಿದೆ. ಹುಲ್ಲು ಇದರಲ್ಲಿ ಎಲ್ಲಿದೆ ತೋರಿಸಿ ಎಂದೆ. ಅವರು ನಿಜವಾಗಿಯೂ ಹುಡುಕಿದರು. ಮೇಲಿನಿಂದ ಕೆಳಗೆ ಬೆರಳಿಟ್ಟು ನೋಡಿ, ಹುಲ್ಲು ಅಂತ ಬೇರೆ ಕಾಲಂ ಇಲ್ಲ ಮ್ಯಾಡಮ್ ಎಂದರು.

ನನ್ನ ಸಿಟ್ಟು ನೆತ್ತಿಗೇರಿದ್ದು ಅಲ್ಲಿ. ಹುಲಿಗೆ ಕಾಲಂ ಇದೆ, ಹುಲಿಯೇ ಇಲ್ಲದ ತಾಲೂಕಿನಲ್ಲಿ. ಮ್ಯಾಂಗ್ರೋವಿಗೆ ಇದೆ, ನಾನೇ ಅದಕ್ಕೆ ಕನ್ನಡ ಹುಡುಕಿ ಕೊಟ್ಟಿದ್ದೆ, ಸಮುದ್ರ ಕಾಣದ ನಮ್ಮ ಊರುಗಳಿಗಾಗಿ. ಕಾಲ ಕೆಳಗಿನ ಹುಲ್ಲಿಗೆ ಇಲ್ಲ. ಅದನ್ನೆಲ್ಲ ಅವರಿಗೆ ಮರಾಠಿಯಲ್ಲಿ ಹೇಳಿದೆ, ಮಧ್ಯೆ ಮರಾಠಿ ಸಾಲದೆ ಕನ್ನಡದಲ್ಲೂ ಹೇಳಿದೆ. ಅವರು ಕೇಳಿಕೊಂಡರು. ಗ್ರಾಮಸಭೆಯಲ್ಲಿ ತಕರಾರು ಬರೆಸಿ, ಎಷ್ಟು ಜಾನುವಾರು ಆ ನೆಲದ ಮೇಲೆ ಬದುಕಿವೆ ಎಂದು ದಾಖಲಾದರೆ ಮೇಲಿನವರಿಗೆ ಕಳಿಸುತ್ತೇನೆ ಎಂದರು.

ಶ್ರಾವಣದಲ್ಲಿ ಗ್ರಾಮಸಭೆ ಸೇರಿತು. ಸಾಹೇಬರು ಮಾತಿನಂತೆ ಬಂದಿದ್ದರು. ನಾನು ಎದ್ದು ಆಡು ಕಾಯುವವರಿಗೆಲ್ಲ ಹೇಳಿದೆ: ಇವತ್ತು ಒಬ್ಬೊಬ್ಬರೂ ನಿಮ್ಮ ಆಡು ಕುರಿ ಎಷ್ಟು ಎಂದು ಹೇಳಬೇಕು, ಇದ್ದದ್ದು ಇದ್ದ ಹಾಗೆ. ಎಲ್ಲರೂ ಹೂಂಗುಟ್ಟಿದರು. ಸಾಹೇಬರು ಮೊದಲನೆಯವನನ್ನು ಕೇಳಿದರು.

"ಅದಾವ್ರಿ ನಾಕು."

ಎರಡನೆಯವನು ನೆಲ ನೋಡುತ್ತ "ಐದಾರು ಇರಬೇಕ್ರಿ" ಎಂದ. ಮೂರನೆಯವನು ಮತ್ತೆ ನಾಕು. ಸಾಹೇಬರ ಪೆನ್ನು ಓಡುತ್ತಿತ್ತು. ಅತ್ತೆಯ ಸರದಿ ಬಂತು. ಅವಳು ನನ್ನನ್ನು ನೋಡಿದಳು.

"ನಾಕ ಬರಕೋರಿ" ಎಂದಳು.

ನನಗೆ ತಡೆಯಲಾಗಲಿಲ್ಲ. "ಮೂವತ್ತೆರಡು ಅದಾವ್ರಿ. ನಾನು ಎಣಿಸೇನಿ" ಎಂದುಬಿಟ್ಟೆ.

ಅತ್ತೆ ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದಳು. ಉಳಿದವರು ನನ್ನನ್ನು ನೋಡಿದ ನೋಟ ಹೇಳಲಾರೆ. ಅವರಲ್ಲಿ ಒಬ್ಬರೂ ತಮ್ಮ ಲೆಕ್ಕ ತಿದ್ದಿಸಲಿಲ್ಲ. ಹಾಗಾಗಿ ದಾಖಲೆಯಲ್ಲಿ ಎಲ್ಲರಿಗೂ ನಾಕು, ಐದು. ನಮ್ಮ ಅತ್ತೆಗೆ ಮಾತ್ರ ಮೂವತ್ತೆರಡು. ಸಾಹೇಬರು ಕೂಡಿಸಿ ನೋಡಿ, ಹಾಗಾದರೆ ಇಷ್ಟು ದೊಡ್ಡ ನೆಲದ ಅರ್ಧ ಉಪಯೋಗ ಒಂದೇ ಮನೆಯವರಿಗೋ ಎಂದು ಕೇಳಿದರು. ವ್ಯಂಗ್ಯವಾಗಿ ಅಲ್ಲ, ಅನುಮಾನ ಬಂದು ಕೇಳಿದರು. ಲೆಕ್ಕ ತಿದ್ದುವುದಿದ್ದರೆ ಇದರಲ್ಲಿ ಬರೆದು ಕಳಿಸಿ ಎಂದು ಎಲ್ಲರ ಮುಂದೆ ತಕರಾರಿನ ಫಾರಂ ಒಂದನ್ನು ನನ್ನ ಕೈಗಿಟ್ಟರು. ಮೊದಲ ಸಲ ಸುಳ್ಳನ್ನು ಸರಿಯಾಗಿ ಅನುವಾದ ಮಾಡಿ ಕೆಡಿಸಿದ್ದೆ, ಈ ಸಲ ನಿಜ ಹೇಳಿ ಕೆಡಿಸಿದೆ.

ಸಂಜೆ ಅವಳ ಮನೆಗೆ ಹೋದರೆ ಅತ್ತೆ ಉಪ್ಪು ಮೆಣಸಿನಕಾಯಿ ಹಿಡಿದು ಹಿಂಡಿಗೆ ದೃಷ್ಟಿ ತೆಗೆಯುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ. ಎರಡು ತಿಂಗಳು ಮಾತು ಬಿಟ್ಟಳು. ನಮ್ಮಪ್ಪ ತೀರಿಕೊಂಡ ಮೇಲೆ ನನ್ನನ್ನು ಕಾಲೇಜಿನ ತನಕ ಓದಿಸಿದವಳು ಅವಳು, ಆ ಆಡುಗಳ ಹಾಲು ಮಾರಿ, ಮರಿ ಮಾರಿ. ಅವಳು ಮಾತು ಬಿಟ್ಟದ್ದು ನನಗೆ ತಂತಿಗಿಂತ ಹೆಚ್ಚು ಚುಚ್ಚಿತು.

ಶೀಗಿ ಹುಣ್ಣಿಮೆ ಬಂತು. ಮುಚ್ಚಿದ ಅರ್ಧವನ್ನು ತೆರೆಯುವ ದಿನ. ತಂತಿಯ ಒಳಗೆ, ತಗ್ಗುಗಳ ನಡುವೆ ಉಳಿದ ಹುಲ್ಲು ಎದೆಮಟ್ಟ ಬೆಳೆದು ಬಲಿತಿತ್ತು. ಸಸಿಗಳಲ್ಲಿ ಹೆಚ್ಚಿನವು ಒಣಗಿ ಕಡ್ಡಿಯಾಗಿದ್ದವು. ಜನರಿಗೆ ಬೋರ್ಡು ಗೊತ್ತು, ಆಡುಗಳಿಗೆ ಗೊತ್ತಿಲ್ಲ. ಪ್ರತಿ ವರ್ಷ ಆ ದಿನ ಹುಲ್ಲು ಬಲಿತ ಅರ್ಧಕ್ಕೆ ಓಡುವಂತೆ ಈ ಸಲವೂ ಅವು ಓಡಿದವು. ತಂತಿ ಸಡಿಲಾದ ಕಡೆಯಿಂದ ನುಗ್ಗಿದವು. ಹಿಂದಿನ ದಿನದ ಮಳೆಗೆ ತಗ್ಗುಗಳಲ್ಲಿ ಕೆಸರು ತುಂಬಿ, ಮೇಲೆ ಹುಲ್ಲು ಬಾಗಿ ಬಾಯಿ ಮುಚ್ಚಿತ್ತು. ಅತ್ತೆಯ ಗಬ್ಬದ ಆಡೊಂದು ಮುಗ್ಗರಿಸಿ ಬಿತ್ತು. ಎಳೆದು ತೆಗೆಯುವಷ್ಟರಲ್ಲಿ ಕತ್ತು ಮುರಿದಿತ್ತು.

ನಾನು ಶಾಲೆ ಮುಗಿಸಿ ಹೋದಾಗ ಆಡನ್ನು ಗೋಣಿಚೀಲದ ಮೇಲೆ ಮಲಗಿಸಿದ್ದರು. ಸುತ್ತ ಆಡು ಕಾಯುವವರೆಲ್ಲ ಕೂತಿದ್ದರು. ನಾನು ಎಣಿಸಿದ್ದಕ್ಕೇ ಹೀಗಾಯಿತು ಎಂದು ಯಾರಾದರೂ ಅನ್ನಲಿ ಎಂದು ಕಾಯುತ್ತ ಬಾಗಿಲ ಹತ್ತಿರ ನಿಂತೆ. ಯಾರೂ ಅನ್ನಲಿಲ್ಲ. ಅತ್ತೆ ತಲೆಯೆತ್ತದೆ ಕೇಳಿದಳು:

"ಆ ಹಾಳಿ ತಂದೀಯೇನು?"

ತಕರಾರಿನ ಫಾರಂ ಬ್ಯಾಗಿನಲ್ಲೇ ಇತ್ತು, ಎರಡು ತಿಂಗಳಿಂದ. ತೆಗೆದೆ.

"ಬರಿ. ಮೂವತ್ತೊಂದು."

ಅವಳು ಅದನ್ನು ಜೋರಾಗಿ, ಓಣಿಗೆ ಕೇಳುವಂತೆ ಹೇಳಿದಳು. ಅವಳ ಎಪ್ಪತ್ತು ವರ್ಷದ ಬಾಯಿಯಿಂದ ಅಂಥ ಲೆಕ್ಕ ಬಂದದ್ದು ಅದೇ ಮೊದಲು.

"ಅತ್ತಿ, ಬ್ಯಾಡಾಗಿದ್ರ ಬಿಡು" ಎಂದೆ.

"ಮುಚ್ಚಿಟ್ಟು ಏನ ಉಳೀತು? ಬರಿ."

ಗ್ರಾಮಸಭೆಯಲ್ಲಿ ನಾಕು ಎಂದಿದ್ದವನು ಗಂಟಲು ಸರಿಮಾಡಿಕೊಂಡು "ನನ್ನವು ಇಪ್ಪತ್ತಾರು" ಎಂದ. ಐದಾರು ಎಂದಿದ್ದವನು ನಲವತ್ತು ಎಂದ, ಕಣ್ಣು ಮುಚ್ಚಿಕೊಂಡು. ಒಬ್ಬೊಬ್ಬರಾಗಿ ಹೇಳಿದರು. ಆಮೇಲೆ ಅತ್ತೆ ಮಡ್ಡಿಯಲ್ಲಿ ಏನೇನಿದೆ ಎಂದು ಹೇಳಿಸಿದಳು: ಕರಡ ಹುಲ್ಲು, ಕಸಬರಿಗೆಗೆ ಆಗುವ ಹಂಚಿ ಹುಲ್ಲು, ತಂಗಡಕಿ, ಬಾರಿ, ಕವಜುಗ ಮೊಟ್ಟೆಯಿಡುವ ಪೊದೆ, ಬೇಸಗೆಯಲ್ಲೂ ಒಂದು ಬೊಗಸೆ ನೀರು ನಿಲ್ಲುವ ಬಂಡೆಯ ಗುಳಿ. ನಾನು ಓದಿದ ಯಾವ ಪಟ್ಟಿಯಲ್ಲೂ ಇವು ಇರಲಿಲ್ಲ. ಕಾಲಂ ಸಾಲದೆ ಅಂಚಿನಲ್ಲಿ ಬರೆದೆ, ಅಂಚು ಸಾಲದೆ ಸಾಲುಗಳ ನಡುವೆ ಬರೆದೆ. ಅಕ್ಷರ ಮುತ್ತಿನಂತೆ ಇರಲಿಲ್ಲ. ಅವರು ಹೇಳುತ್ತ ಹೋದಂತೆ ನನಗೆ ಸಂತೋಷವಾಗುವ ಬದಲು ಸಿಟ್ಟೇ ಹೆಚ್ಚಾಯಿತು. ಇರುವ ನೆಲವನ್ನು ಇದೆ ಎಂದು ಒಪ್ಪಿಸಲು ಈ ಜನ ತಲೆತಲಾಂತರದಿಂದ ಬಾಯಲ್ಲಿ ಕಾಯ್ದುಕೊಂಡು ಬಂದಿದ್ದನ್ನು ಒಂದು ಹಾಳೆಗೆ ಕೊಡಬೇಕಾಯಿತಲ್ಲ.

"ಓದಿ ಹೇಳು" ಎಂದಳು ಅತ್ತೆ. ಓದಿದೆ. ಅವಳ ಹೆಸರಿನ ಮುಂದಿನ ಲೆಕ್ಕ ಬಂದಾಗ ತಡೆದಳು.

"ಮೂವತ್ತೆರಡು ಇದ್ದುವು, ಒಂದು ನೀವು ತೋಡಿದ ತಗ್ಗಿನ್ಯಾಗ ಬಿದ್ದು ಸತ್ತತಿ ಅಂತ ಬರಿ. ಗಬ್ಬ ಇತ್ತು ಅಂತನೂ ಬರಿ."

"ಅದಕ್ಕ ಕಾಲಂ ಇಲ್ಲ ಅತ್ತಿ" ಎಂದೆ.

"ಹಾಳಿ ಹಿಂದ ಖಾಲಿ ಐತೇನು?"

ತಿರುಗಿಸಿ ನೋಡಿದೆ. ಖಾಲಿ ಇತ್ತು.

"ಹಂಗಾರ ಹಿಂದ ಬರಿ."

ಹಾಳೆಯ ಹಿಂದೆ ಬರೆದೆ.